ರೂಮ್‌ಮೇಟ್ ‘ಓದೋ ಮಾತ್ರೆ’ ನುಂಗಿದ್ದರೆ ಈ ರಾತ್ರಿ ಏನು ಮಾಡಬೇಕು

ಮೊದಲು ಸ್ಟ್ರಿಪ್ ಹುಡುಕಿ. ದಿಂಬಿನ ಕೆಳಗೋ ಲ್ಯಾಪ್‌ಟಾಪ್ ಬ್ಯಾಗಿನ ಪಕ್ಕದ ಜೇಬಲ್ಲೋ ಇರುತ್ತದೆ. ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಪರೀಕ್ಷೆ ಹತ್ತಿರ ಬಂದಾಗ ನಿದ್ದೆಗೆಟ್ಟು ಓದಲೆಂದು ಕೈಯಿಂದ ಕೈಗೆ ಹೋಗುವ ಮಾತ್ರೆ ಹೆಚ್ಚಾಗಿ ಮೀಥೈಲ್‌ಫೆನಿಡೇಟ್ ಅಥವಾ ಮೊಡಾಫಿನಿಲ್. ಮೊದಲಿನದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಚಡಪಡಿಕೆಯ ತೊಂದರೆ, ಇರುವವರಿಗೆ ಬರೆಯುವುದು, ಎರಡನೆಯದು ಹಗಲಲ್ಲೇ ತಡೆಯಲಾರದಷ್ಟು ನಿದ್ದೆ ಬರುವ ನಾರ್ಕೊಲೆಪ್ಸಿಯಂಥ ಕಾಯಿಲೆಗೆ.

ಯಾವುದು ಅಂತ ಗೊತ್ತಾಗಲೇಬೇಕು, ಏಕೆಂದರೆ ಇಳಿಯುವ ಹೊತ್ತು ಬೇರೆ ಬೇರೆ. ಸಾದಾ ಮೀಥೈಲ್‌ಫೆನಿಡೇಟ್ ಮೂರು ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ಹೆಸರಿನ ಜೊತೆ ಇಆರ್ ಅಥವಾ ಎಸ್‌ಆರ್ ಅಂತ ಇದ್ದರೆ ಅದು ನಿಧಾನವಾಗಿ ಬಿಡುವ ಮಾತ್ರೆ, ಎಂಟು ಗಂಟೆ, ಕೆಲವು ಹನ್ನೆರಡು ಗಂಟೆಯವರೆಗೂ ಎಳೆಯುತ್ತವೆ. ಅದನ್ನು ಪುಡಿ ಮಾಡಿ ನುಂಗಿದ್ದರೆ ದಿನವಿಡೀ ಸ್ವಲ್ಪ ಸ್ವಲ್ಪವೇ ಬರಬೇಕಾದದ್ದು ಒಂದೇ ಸಲಕ್ಕೆ ರಕ್ತಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಇದನ್ನು ಮುಚ್ಚಿಡದೆ ಹೇಳಿ. ಮೊಡಾಫಿನಿಲ್ ಮೈಯಿಂದ ಅರ್ಧ ಇಳಿಯಲಿಕ್ಕೇ 12ರಿಂದ 15 ಗಂಟೆ ಬೇಕು. ಅದು ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ತಗ್ಗಿಸುತ್ತದೆ, ಮೈಮೇಲೆ ಗುಳ್ಳೆ ಅಥವಾ ಬಾಯಲ್ಲಿ ಹುಣ್ಣು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಈಗ ಮನುಷ್ಯನನ್ನು ನೋಡಿ. ಮೆಸ್ಸಿನಿಂದ ತಂದ ರೊಟ್ಟಿ ತಟ್ಟೆಯಲ್ಲೇ ಒಣಗಿದೆ, ತುಟಿ ಒಣಗಿದೆ, ದವಡೆ ಮಸೆಯುತ್ತಿದ್ದಾನೆ, ಒಂದೇ ಪುಟಕ್ಕೆ ಮೂರು ಬಣ್ಣದ ಹೈಲೈಟರ್ ಎಳೆದಿದ್ದಾನೆ. ಇಷ್ಟೇ ಆದರೆ ಗಾಬರಿ ಬೇಡ. ಕೂರಿಸಿ, ಹತ್ತು ನಿಮಿಷ ಸುಮ್ಮನಿರಲು ಬಿಟ್ಟು, ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. 120 ದಾಟಿದರೆ ಆಸ್ಪತ್ರೆ.

ಎದೆನೋವು, ಉಸಿರಾಟಕ್ಕೆ ಕಷ್ಟ, ಮೈ ಕೆಂಡದ ಹಾಗೆ ಸುಡುವುದು, ಯಾರೋ ಬಾಗಿಲ ಹೊರಗೆ ನಿಂತಿದ್ದಾರೆ ಎನ್ನುವ ಮಾತು, ಫಿಟ್ಸ್: ಇದರಲ್ಲಿ ಒಂದು ಕಂಡರೂ ನಾಡಿ ಎಣಿಸುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್, ಮಳೆಗಾಲದ ರಾತ್ರಿ ಅದು ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ ಸೇರಿಸಿ. ಸಿಗ್ನಲ್ ಇಲ್ಲದ ಜಾಗವಾದರೆ ಒಬ್ಬ ರಸ್ತೆಗೆ ಓಡಲಿ, ಇನ್ನೊಬ್ಬ ಪಕ್ಕದಿಂದ ಕದಲಬಾರದು. ಮೈ ಸುಡುತ್ತಿದ್ದರೆ ಅಂಗಿ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಹಾಕಿ. ಇದು ಸೋಂಕಿನ ಜ್ವರವಲ್ಲ, ಪ್ಯಾರಾಸಿಟಮಾಲ್‌ಗೆ ಬಗ್ಗುವುದಿಲ್ಲ. ಫಿಟ್ಸ್ ಬಂದರೆ ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಚಮಚ ತುರುಕಬೇಡಿ, ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಿಸಿ. ವಾಂತಿ ಮಾಡಿಸಲು ಹೋಗಬೇಡಿ. ವಾರ್ಡನ್‌ಗೆ ಹೆದರಿ ಸ್ಟ್ರಿಪ್ಪನ್ನು ಕಸಕ್ಕೆ ಎಸೆಯುವವರಿದ್ದಾರೆ. ಅದಿಲ್ಲದಿದ್ದರೆ ಡಾಕ್ಟರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಸ್ಟ್ರಿಪ್ ಆಂಬುಲೆನ್ಸ್ ಹತ್ತಲೇಬೇಕು.

ಆಸ್ಪತ್ರೆ ಬೇಡವೆನಿಸಿದರೆ ರಾತ್ರಿ ಕಳೆಯುವುದೇ ಕೆಲಸ. ಹೊರಗೆ ಮಳೆ ಹೊಯ್ಯುತ್ತಿದ್ದರೆ ಲೋಟ ಕಾಫಿ ಮುಂದಿಡುವುದೇ ಉಪಚಾರ ಎನ್ನುವ ಊರು ನಮ್ಮದು, ಆದರೂ ಇವತ್ತು ಬೇಡ. ಕಾಫಿ ಎದೆಬಡಿತವನ್ನು ಇನ್ನೂ ಏರಿಸುತ್ತದೆ. ಎನರ್ಜಿ ಡ್ರಿಂಕೂ ಹಾಗೇ. ಬಿಯರ್ ಇನ್ನೂ ಕೆಟ್ಟದ್ದು, ಅಮಲು ಏರಿದ್ದು ಗೊತ್ತಾಗದೆ ಕುಡಿಯುತ್ತಲೇ ಹೋಗುತ್ತಾನೆ. ನಿದ್ದೆ ಬರಲಿ ಅಂತ ಇನ್ನೊಬ್ಬರ ನಿದ್ದೆ ಮಾತ್ರೆ ಕೊಡುವುದು ಎರಡನೆಯ ತಪ್ಪು. ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ ಗುಟುಕು ಗುಟುಕಾಗಿ ಕೊಡಿ, ದೀಪ ಮಂದ ಮಾಡಿ.

ಮಾತಾಡಿಸುವಾಗ ಉಪದೇಶ ಬೇಡ. “ಎಂಥ ಮಾರಾಯ, ಬೆಳಿಗ್ಗೆಯಿಂದ ಏನೂ ತಿಂದಿಲ್ವಲ, ಎಷ್ಟೊತ್ತಿಗೆ ನುಂಗಿದ್ದು? ಎಷ್ಟು?” ಅಂತ ಕೇಳಿದರೆ ಉತ್ತರ ಬರುತ್ತದೆ. “ಅಪ್ಪನಿಗೆ ಹೇಳ್ತೀನಿ” ಎಂದರೆ ಬಾಯಿ ಮುಚ್ಚಿಹೋಗುತ್ತದೆ.

ಮಾತ್ರೆ ಇಳಿದ ಮೇಲಿನ ಒಂದೆರಡು ದಿನದ ಮೇಲೆ ಕಣ್ಣಿಡಿ. ದಿನವಿಡೀ ನಿದ್ದೆ, ಮಂಕು, ಸಿಡುಕು ಬರುತ್ತದೆ. ವಾರಗಟ್ಟಲೆ ನುಂಗಿದವನಲ್ಲಿ ಈ ಮಂಕು ಸಾಯುವ ಯೋಚನೆಯವರೆಗೂ ಹೋಗಬಹುದು. ಅಂಥ ಮಾತು ಬಂದರೆ ಒಬ್ಬನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

“ಆದರೆ ಅಣ್ಣ, ಓದಿದ್ದು ತಲೆಗೆ ಹತ್ತುತ್ತಲ್ಲ” ಎನ್ನುವವರಿಗೆ ಒಂದು ಲೆಕ್ಕ. 2023ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 40 ಆರೋಗ್ಯವಂತರಿಗೆ ಈ ಬಗೆಯ ಮಾತ್ರೆ ಕೊಟ್ಟು, ತೂಕದ ಮಿತಿ ಮೀರದಂತೆ ಚೀಲಕ್ಕೆ ಹೆಚ್ಚು ಬೆಲೆಯ ಸಾಮಾನು ತುಂಬುವ ಲೆಕ್ಕ ಬಿಡಿಸಲು ಹೇಳಿದರು. ಮಾತ್ರೆ ನುಂಗಿದಾಗ ಅವರು ಹೆಚ್ಚು ಹೊತ್ತು ಒದ್ದಾಡಿದರು, ತುಂಬಿದ ಚೀಲದ ಬೆಲೆ ಮಾತ್ರ ಕಡಿಮೆಯಿತ್ತು. ಓದಿದ್ದು ನೆನಪಾಗಿ ಕೂರುವುದು ನಿದ್ದೆಯಲ್ಲಿ, ಮಾತ್ರೆ ಕದಿಯುವುದೂ ಅದನ್ನೇ.

ಬಾಲ್ಯದಿಂದಲೂ ಗಮನ ನಿಲ್ಲದವರ ವಿಷಯ ಬೇರೆ. ಅವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೋ ಬೇರೆ ಮನೋವೈದ್ಯರ ಹತ್ತಿರವೋ ಹೋಗಲಿ. ಅಲ್ಲಿ ಬಿಪಿ, ತೂಕ, ಎದೆಯ ತೊಂದರೆ ವಿಚಾರಿಸಿ, ಕಡಿಮೆ ಪ್ರಮಾಣದಿಂದ ಶುರು ಮಾಡಿ, ನೋಡಿ ನೋಡಿ ಏರಿಸುತ್ತಾರೆ. ಗೆಳೆಯನ ಸ್ಟ್ರಿಪ್ಪಿನಿಂದ ಕಿತ್ತ ಮಾತ್ರೆಗೆ ಈ ಯಾವುದೂ ಇರುವುದಿಲ್ಲ.

ಡಾಕ್ಟರ ಚೀಟಿ ಇರುವ ಗೆಳೆಯನಿಗೂ ಎರಡು ಮಾತು. ಸ್ಟ್ರಿಪ್ಪಿನ ಹಿಂಭಾಗದಲ್ಲಿ ಪ್ರತಿ ಗುಳಿಯ ಪಕ್ಕ ಮಾರ್ಕರ್‌ನಲ್ಲಿ ತಾರೀಖು ಬರೆಯಿರಿ, ಒಂದು ಕಾಣೆಯಾದರೂ ಅದೇ ದಿನ ತಿಳಿಯುತ್ತದೆ. ಟ್ರಂಕಿಗೆ ಬೀಗ ಹಾಕಿ, ಬೀಗದ ಕೈ ಮೊಳೆಗೆ ನೇತುಹಾಕಬೇಡಿ. ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳ ಮೇಲೆ ಹಿಡಿತವಿಡುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ, ಸ್ನೇಹಕ್ಕೆಂದು ಪುಕ್ಕಟೆ ಕೊಟ್ಟರೂ ಅಪರಾಧವೇ. ಯಾರಾದರೂ ಕೇಳಿದರೆ “ನಂದೇ ಲೆಕ್ಕಕ್ಕೆ ಸಾಲಲ್ಲ ಮಾರಾಯ, ಡಾಕ್ಟ್ರು ಎಣಿಸ್ತಾರೆ” ಅಂದುಬಿಡಿ.