ಬೈನರಿ ಸಂಖ್ಯೆ: ಮೊದಲು ಪರೀಕ್ಷೆ, ಆಮೇಲೆ ಲೆಕ್ಕ

ಪ್ರೋಗ್ರಾಮಿಂಗ್ ಕಲಿಯುವ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಅಭ್ಯಾಸ ಸಿಗುತ್ತದೆ. ಬಳಕೆದಾರರು ಟೈಪ್ ಮಾಡಿದ್ದು ಬೈನರಿ ಸಂಖ್ಯೆಯೇ (0 ಮತ್ತು 1 ಮಾತ್ರ ಇರುವ ಸಂಖ್ಯೆಯೇ) ಎಂದು ನೋಡಬೇಕು, ಹೌದಾದರೆ ಅದನ್ನು ದಶಮಾನಕ್ಕೆ ಬದಲಿಸಬೇಕು. ಹೆಚ್ಚಿನವರು ನೇರ ಲೆಕ್ಕಕ್ಕೆ ಇಳಿದುಬಿಡುತ್ತಾರೆ. ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಬೈನರಿಯಲ್ಲಿ ಬಲದಿಂದ ಸ್ಥಾನಗಳ ಬೆಲೆ 1, 2, 4; ಹಾಗಾಗಿ 110ರ ಬೆಲೆ 4, 2, 0 ಕೂಡಿ 6. ಅದೇ ಪ್ರೋಗ್ರಾಂಗೆ 102 ಕೊಟ್ಟರೆ 4, 0, 2 ಕೂಡಿಸಿ ಅದೂ 6 ಎಂದೇ ಹೇಳುತ್ತದೆ! 2 ಬೈನರಿ ಅಂಕಿಯೇ ಅಲ್ಲ, ಅಲ್ವಾ? ತಪ್ಪು ಉತ್ತರ ಹೀಗೆ ಸರಿ ಉತ್ತರದ ವೇಷದಲ್ಲಿ ಬಂದರೆ ಹಿಡಿಯುವುದು ತುಂಬಾ ಕಷ್ಟ.

ಮೊದಲ ಹೆಜ್ಜೆ, ಇನ್‌ಪುಟ್ ಅನ್ನು ಸಂಖ್ಯೆಯಾಗಿ ಅಲ್ಲ, ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಓದಿಕೊಳ್ಳಿ. ಸಂಖ್ಯೆಯಾಗಿ ಓದಿದರೆ 0011ರ ಮುಂದಿನ ಸೊನ್ನೆಗಳು ಮಾಯವಾಗುತ್ತವೆ. ಪ್ಲಸ್, ಮೈನಸ್ ಎರಡನ್ನೂ ಹಿಡಿಯುವ 32 ಬಿಟ್‌ನ ಇಂಟಿಜರ್‌ನಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 2147483647. ಅಂದರೆ 1ರಿಂದ ಶುರುವಾಗುವ 11 ಅಂಕಿಯ ಬೈನರಿ ಕೊಟ್ಟು, ಅದನ್ನು ಸಾಮಾನ್ಯ ದಶಮಾನ ಸಂಖ್ಯೆಯಂತೆ ಓದಿದರೆ ಅದರಲ್ಲಿ ಜಾಗವೇ ಸಾಲದು.

ಎರಡನೆಯದು ಪರೀಕ್ಷೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಲೂಪ್ (ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು) ಹಾಕಿ ಒಂದೊಂದೇ ಅಕ್ಷರ ನೋಡಬೇಕು. ಹೊಸಬರು ‘ಅಕ್ಷರ 0 ಅಲ್ಲ ಅಥವಾ 1 ಅಲ್ಲ ಎಂದಾದರೆ ತಪ್ಪು’ ಎಂದು ಷರತ್ತು ಬರೆಯುತ್ತಾರೆ. ಬಾಯಲ್ಲಿ ಹೇಳಿದರೆ ಸರಿ ಅನ್ನಿಸುತ್ತದೆ. ಆದರೆ ಅಕ್ಷರ 1 ಆಗಿದ್ದರೆ ಅದು 0 ಅಲ್ಲ, ಷರತ್ತು ನಿಜ. 0 ಆಗಿದ್ದರೆ ಅದು 1 ಅಲ್ಲ, ಆಗಲೂ ನಿಜ. ಹೀಗಾಗಿ ಯಾವ ಇನ್‌ಪುಟ್ ಕೊಟ್ಟರೂ ‘ತಪ್ಪು’ ಎಂದೇ ಬರುತ್ತದೆ. ಅಲ್ಲಿ ಬೇಕಾದದ್ದು ‘ಮತ್ತು’.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಅಕ್ಷರ ಸರಿ ಇದ್ದರೆ ‘ಸರಿ’, ಇಲ್ಲದಿದ್ದರೆ ‘ತಪ್ಪು’ ಎಂದು ಪ್ರತಿ ಸುತ್ತಿನಲ್ಲೂ ಒಂದೇ ವೇರಿಯಬಲ್‌ಗೆ ಬರೆಯುವುದು. 1201 ಕೊಡಿ. 2 ಬಂದಾಗ ‘ತಪ್ಪು’ ಎಂದಾಯಿತು, ಮುಂದಿನ 0 ಅದನ್ನು ಅಳಿಸಿ ‘ಸರಿ’ ಮಾಡಿತು. ಕೊನೆಯ ಅಕ್ಷರ ಹೇಳಿದ್ದೇ ತೀರ್ಪು! ಆದ್ದರಿಂದ ಮೊದಲೇ ‘ಸರಿ’ ಎಂದು ಇಟ್ಟುಕೊಳ್ಳಿ, ಕೆಟ್ಟ ಅಕ್ಷರ ಕಂಡ ತಕ್ಷಣ ‘ತಪ್ಪು’ ಮಾಡಿ ಲೂಪ್‌ನಿಂದ ಹೊರಬನ್ನಿ. ಸುಮ್ನೆ ಎಂಟರ್ ಒತ್ತಿದರೆ ಬರುವ ಖಾಲಿ ಸ್ಟ್ರಿಂಗ್ ಅನ್ನು ಬೇರೆಯಾಗಿಯೇ ನೋಡಬೇಕು. ಅದರಲ್ಲಿ ಕೆಟ್ಟ ಅಕ್ಷರವೇ ಇಲ್ಲವಲ್ಲ, ಲೂಪ್ ಅದನ್ನು ಪಾಸ್ ಮಾಡಿಬಿಡುತ್ತದೆ.

ಇಷ್ಟಾದರೆ ಪರಿವರ್ತನೆ ಸುಲಭ. ಬಲದಿಂದ ಒಂದೊಂದು ಅಂಕಿಯನ್ನೂ ಎರಡರ ಘಾತದಿಂದ (1, 2, 4, 8 ಹೀಗೆ) ಗುಣಿಸಿ ಕೂಡಿಸುತ್ತಾ ಹೋಗಬಹುದು. ನನಗೆ ಇಷ್ಟವಾದದ್ದು ಎಡದಿಂದ ಹೋಗುವ ದಾರಿ: ಈವರೆಗಿನ ಮೊತ್ತವನ್ನು ಎರಡರಷ್ಟು ಮಾಡಿ, ಹೊಸ ಅಂಕಿ ಕೂಡಿಸಿ. 1011 ತೆಗೆದುಕೊಳ್ಳಿ. ಮೊತ್ತ 0ಯಿಂದ ಶುರು. 1 ಬಂತು, 1. 0 ಬಂತು, 2. 1 ಬಂತು, 5. ಮತ್ತೆ 1 ಬಂತು, 11. ಘಾತವೂ ಬೇಡ, ಸ್ಥಾನ ಎಣಿಸುವುದೂ ಬೇಡ.

ಒಂದು ಎಚ್ಚರ: ‘1’ ಎಂಬ ಅಕ್ಷರವೂ 1 ಎಂಬ ಸಂಖ್ಯೆಯೂ ಒಂದೇ ಅಲ್ಲ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ‘0’ ಅಕ್ಷರದ ಸಂಕೇತ 48, ‘1’ರದ್ದು 49. ಸಿ ಭಾಷೆಯಲ್ಲಿ ಅಕ್ಷರದಿಂದ ‘0’ ಅಕ್ಷರವನ್ನು ಕಳೆದರೆ ಅಂಕಿ ಸಿಗುತ್ತದೆ.

ಪೈಥಾನ್‌ನಲ್ಲಿ ಇದಕ್ಕೆ ರೆಡಿ ಫಂಕ್ಷನ್ ಇದೆ. ಆದರೆ ಅದು ಮೈನಸ್ ಚಿಹ್ನೆ, ಸುತ್ತಲಿನ ಖಾಲಿ ಜಾಗ ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ. ಹಾಗಾಗಿ ಕಲಿಯುವಾಗ ಪರೀಕ್ಷೆಯನ್ನು ಅದರ ಮೇಲೆ ಬಿಡಬೇಡಿ, ನಿಮ್ಮ ಉತ್ತರ ತಾಳೆ ನೋಡಲು ಬಳಸಿ. 0, 0011, 1201, 11111111, ಖಾಲಿ ಎಂಟರ್, ಈ ಐದನ್ನೂ ಕೊಟ್ಟು ನೋಡಿ. ಕ್ರಮವಾಗಿ 0, 3, ತಪ್ಪು, 255, ತಪ್ಪು ಎಂದು ಬರಬೇಕು.