ಸಣ್ಣ ವರ್ಕ್‌ಶಾಪಿಗೂ ರಕ್ಷಣಾ ಸಂಶೋಧನೆಯ ಹಣ: ಅರ್ಜಿ ಹಾಕುವುದು ಹೇಗೆ?

ಪೀಣ್ಯ ಎರಡನೇ ಹಂತದಲ್ಲಿ ನನ್ನ ಸ್ನೇಹಿತರೊಬ್ಬರ ಶೆಡ್ ಇದೆ. ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಎರಡು ವಿಎಂಸಿ ಯಂತ್ರ, ಒಂದು ಸಿಎನ್‌ಸಿ ಲೇತ್, ಹನ್ನೊಂದು ಜನ ಕೆಲಸಗಾರರು. ಇಪ್ಪತ್ತು ವರ್ಷದಿಂದ ಬೇರೆಯವರ ಡ್ರಾಯಿಂಗ್ ಹಿಡಿದು ಜಾಬ್ ವರ್ಕ್ ಮಾಡಿಕೊಡುತ್ತಾ ಬಂದವರು. ಮೊನ್ನೆ ಹೋದಾಗ ಟೇಬಲ್ ಮೇಲೆ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಡಬ್ಬಿ ಇತ್ತು. ಮುಚ್ಚಳದ ಅಂಚಿಗೆ ಕಪ್ಪು ರಬ್ಬರ್ ಸೀಲ್, ಒಳಗೆ ಬ್ಯಾಟರಿ, ಬ್ಯಾಟರಿಯ ಸುತ್ತ ತೆಳ್ಳನೆಯ ಹೀಟರ್ ಹಾಳೆ. "ವಿಪರೀತ ಚಳಿಯಲ್ಲಿ ರೇಡಿಯೊ ಬ್ಯಾಟರಿ ಬೇಗ ಇಳಿದುಹೋಗುತ್ತೆ, ಅದಕ್ಕೆ ಮಾಡಿದ್ದು. ಡ್ರಾಯಿಂಗ್ ನಮ್ದೇ" ಅಂದರು. ಆಮೇಲೆ ಕೇಳಿದರು: "ಸೇನೆಯವರು ಇಂಥದ್ದಕ್ಕೆ ದುಡ್ಡು ಕೊಡ್ತಾರಂತಲ್ಲ, ಎಲ್ಲಿ ಕೇಳೋದು?"

ಹೌದು, ಕೊಡುತ್ತಾರೆ. ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗದ ಶೆಡ್ಡುಗಳಲ್ಲಿ ಇಂಥ ಡಬ್ಬಿಗಳು ಇನ್ನೂ ಎಷ್ಟೋ ಇವೆ ಅಂತ ನನಗೆ ಗೊತ್ತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಯಾವ ಬಾಗಿಲು ತಟ್ಟಬೇಕು?

ಮುಖ್ಯವಾಗಿ ಎರಡು ಬಾಗಿಲು. ಮೊದಲನೆಯದು ಐಡೆಕ್ಸ್, ಅಂದರೆ ಇನ್ನೊವೇಷನ್ಸ್ ಫಾರ್ ಡಿಫೆನ್ಸ್ ಎಕ್ಸೆಲೆನ್ಸ್. 2018ರ ಏಪ್ರಿಲ್‌ನಲ್ಲಿ ಚೆನ್ನೈನ ಡಿಫೆಕ್ಸ್‌ಪೋ ರಕ್ಷಣಾ ಪ್ರದರ್ಶನದಲ್ಲಿ ಶುರುವಾದ ರಕ್ಷಣಾ ಸಚಿವಾಲಯದ ಯೋಜನೆ. ಇದನ್ನು ನಡೆಸುವುದು ಡಿಫೆನ್ಸ್ ಇನ್ನೊವೇಷನ್ ಆರ್ಗನೈಸೇಷನ್, ಅಂದರೆ ಡಿಐಒ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅದಕ್ಕೆ ಮೊದಲ ಬಂಡವಾಳ ಹಾಕಿದವರು ನಮ್ಮ ಬೆಂಗಳೂರಿನ ಸರ್ಕಾರಿ ರಕ್ಷಣಾ ಕಂಪನಿಗಳಾದ ಎಚ್‌ಎಎಲ್ ಮತ್ತು ಬಿಇಎಲ್. ಸ್ಟಾರ್ಟಪ್‌ಗಳಿಗೆ ಕರೆ ಕೊಡುವ ಸುತ್ತಿಗೆ 'ಡಿಸ್ಕ್' ಅನ್ನುತ್ತಾರೆ, ಅದರ ಮೊದಲನೆಯದು ಬಿಡುಗಡೆಯಾಗಿದ್ದೂ 2018ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ.

ಐಡೆಕ್ಸ್‌ನಲ್ಲಿ ಮೂರು ಮೆಟ್ಟಿಲು. ಸಾಮಾನ್ಯ ಡಿಸ್ಕ್ ಸುತ್ತಿನಲ್ಲಿ ₹1.5 ಕೋಟಿವರೆಗೆ ಅನುದಾನ. ಐಡೆಕ್ಸ್ ಪ್ರೈಮ್‌ನಲ್ಲಿ ₹10 ಕೋಟಿವರೆಗೆ. 2024ರ ಮಾರ್ಚ್‌ನಲ್ಲಿ ಬಂದ 'ಅದಿತಿ' ಯೋಜನೆಯಲ್ಲಿ ₹25 ಕೋಟಿವರೆಗೆ, ಆದರೆ ಅದು ಉಪಗ್ರಹ, ಕ್ವಾಂಟಂ, ಎಐ ತರಹದ ಭಾರಿ ತಂತ್ರಜ್ಞಾನಕ್ಕೆ. ಸಣ್ಣವರು ಮೊದಲ ಮೆಟ್ಟಿಲಿನಿಂದಲೇ ಶುರು ಮಾಡುವುದು ಒಳ್ಳೆಯದು.

ಎರಡನೆಯ ಬಾಗಿಲು ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಟೆಕ್ನಾಲಜಿ ಡೆವಲಪ್‌ಮೆಂಟ್ ಫಂಡ್, ಎಲ್ಲರೂ ಟಿಡಿಎಫ್ ಅನ್ನುತ್ತಾರೆ. ಇಲ್ಲಿ ಮಿತಿ ಒಂದು ಯೋಜನೆಗೆ ₹50 ಕೋಟಿ. ಮೊದಲು ₹10 ಕೋಟಿ ಇತ್ತು, 2022ರಲ್ಲಿ ಏರಿಸಿದರು. ಒಟ್ಟು ಖರ್ಚಿನ ಶೇ 90ರವರೆಗೂ ಅವರೇ ಕೊಡಬಹುದು. ಕೇಳಲಿಕ್ಕೆ ಇದೇ ಚೆನ್ನಾಗಿದೆ ಅನ್ನಿಸುತ್ತೆ, ಅಲ್ವಾ? ಆದರೆ ಇಲ್ಲಿ ಹುಟ್ಟುವ ಹೊಸ ಜ್ಞಾನದ ಹಕ್ಕು ಡಿಆರ್‌ಡಿಒ ಮತ್ತು ನಿಮ್ಮ ಹೆಸರಿನಲ್ಲಿ ಜಂಟಿಯಾಗಿರುತ್ತದೆ. ಅದು ನಿಮಗೆ ಒಪ್ಪಿಗೆಯೇ ಅಂತ ಮೊದಲೇ ಯೋಚಿಸಿ.

ನನ್ನ ಲೆಕ್ಕ ಇಷ್ಟೇ. ಕೈಯಲ್ಲಿ ಅರ್ಧ ತಯಾರಾದ ವಸ್ತು ಇದ್ದು, ಅದನ್ನು ಸೈನಿಕರೇ ನೇರವಾಗಿ ಬಳಸುವಂತಿದ್ದರೆ ಐಡೆಕ್ಸ್. ದೊಡ್ಡ ವ್ಯವಸ್ಥೆಯೊಳಗೆ ಕೂರುವ ಬಿಡಿಭಾಗ, ಹೊಸ ಮಿಶ್ರಲೋಹ, ಆಮದಾಗುತ್ತಿರುವ ವಾಲ್ವು, ಇಂಥದ್ದಾದರೆ ಟಿಡಿಎಫ್. ಸ್ನೇಹಿತರ ಡಬ್ಬಿ ಐಡೆಕ್ಸ್‌ಗೆ ಹೊಂದುತ್ತದೆ, ಹಾಗಾಗಿ ಮುಂದಿನದೆಲ್ಲ ಹೆಚ್ಚಾಗಿ ಅದರ ಬಗ್ಗೆಯೇ.

ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ 'ಉದ್ಯಮ್' ನೋಂದಣಿ ಇರಲಿ, ಅದು ಪೂರ್ತಿ ಉಚಿತ, ಯಾರಾದರೂ ಫೀಸು ಕೇಳಿದರೆ ಕೊಡಬೇಡಿ. ಸ್ಟಾರ್ಟಪ್ ಆಗಿದ್ದರೆ ಕೇಂದ್ರದ ಕೈಗಾರಿಕಾ ಇಲಾಖೆ ಡಿಪಿಐಐಟಿಯ ಮಾನ್ಯತೆ ಪತ್ರ. ಕಂಪನಿಯ ಪ್ಯಾನ್, ಜಿಎಸ್‌ಟಿ, ಆಡಿಟ್ ಆದ ಲೆಕ್ಕಪತ್ರ, ಷೇರು ಯಾರ ಬಳಿ ಎಷ್ಟು ಎಂಬ ಪಟ್ಟಿ.

ಒಂದು ವಿಷಯಕ್ಕೆ ಮಾತ್ರ ನಿಲ್ಲಬೇಕು. ನಮ್ಮಲ್ಲಿ ಎಷ್ಟೋ ವರ್ಕ್‌ಶಾಪ್‌ಗಳು ಇವತ್ತಿಗೂ ಒಬ್ಬರೇ ಮಾಲೀಕರ ಪ್ರೊಪ್ರೈಟರ್‌ಶಿಪ್‌ನಲ್ಲೇ ನಡೆಯುತ್ತವೆ, ಅಪ್ಪನ ಕಾಲದಿಂದ ಬಂದದ್ದು. ಆದರೆ ಐಡೆಕ್ಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮಾನ್ಯತೆ ಪಡೆದ ಸ್ಟಾರ್ಟಪ್, ಕಂಪನಿ ಕಾಯ್ದೆಯಡಿ ನೋಂದಾದ ಭಾರತೀಯ ಕಂಪನಿ, ಇಲ್ಲವೇ ವೈಯಕ್ತಿಕ ಸಂಶೋಧಕರನ್ನು. ನಿಮ್ಮದು ಪ್ರೊಪ್ರೈಟರ್‌ಶಿಪ್ ಆಗಿದ್ದರೆ ಆಡಿಟರ್ ಜೊತೆ ಕೂತು ಪ್ರೈವೇಟ್ ಲಿಮಿಟೆಡ್ ಮಾಡಿಕೊಳ್ಳುವ ಮಾತು ಈಗಲೇ ಶುರು ಮಾಡಿ. ಅರ್ಜಿಯ ಕೊನೆಯ ವಾರದಲ್ಲಿ ಅಲ್ಲ.

ಸಮಸ್ಯೆಯನ್ನು ಓದುವುದು

ಐಡೆಕ್ಸ್ ಪೋರ್ಟಲ್‌ನಲ್ಲಿ ಪ್ರತಿ ಸುತ್ತಿಗೂ ಸಮಸ್ಯೆಗಳ ಪಟ್ಟಿ ಬರುತ್ತದೆ. ಭೂಸೇನೆ, ನೌಕಾಪಡೆ, ವಾಯುಪಡೆ, ಕೋಸ್ಟ್ ಗಾರ್ಡ್, ಸರ್ಕಾರಿ ರಕ್ಷಣಾ ಕಂಪನಿಗಳು, ತಮಗೆ ಏನು ಬೇಕು ಅಂತ ಬರೆದುಕೊಟ್ಟಿರುತ್ತಾರೆ. ಮೊದಲ ಸುತ್ತಿನಲ್ಲಿ ಬರೀ 11 ಸಮಸ್ಯೆಗಳಿದ್ದವು, ಆಮೇಲೆ ಪಟ್ಟಿ ಬಹಳ ಬೆಳೆದಿದೆ. ನಿಮ್ಮ ವಸ್ತು ಯಾವ ಸಮಸ್ಯೆಗೂ ಹೊಂದದಿದ್ದರೆ 'ಓಪನ್ ಚಾಲೆಂಜ್' ಇದೆ, ಅಲ್ಲಿ ನಿಮ್ಮ ಯೋಚನೆಯನ್ನು ನೀವೇ ಮುಂದಿಡಬಹುದು.

ಎಲ್ಲರೂ ಎಡವುವುದು ಇಲ್ಲೇ. ಈ ಹಣ ನಿಮ್ಮ ಕಂಪನಿ ಬೆಳೆಯಲಿ ಅಂತ ಕೊಡುವುದಲ್ಲ. ಎಲ್ಲೋ ಒಂದು ಠಾಣ್ಯದಲ್ಲಿ ಒಬ್ಬ ಅಧಿಕಾರಿಗೆ ಒಂದು ತೊಂದರೆ ಇದೆ, ಅದನ್ನು ಬಗೆಹರಿಸಲು ಕೊಡುವುದು. ಆದ್ದರಿಂದ ಸಮಸ್ಯೆಯ ಆ ಒಂದೆರಡು ಪುಟವನ್ನು ಮೂರು ಸಲ ಓದಿ. ತೂಕ ಎಷ್ಟಿರಬೇಕು, ಎಷ್ಟು ಹೊತ್ತು ಕೆಲಸ ಮಾಡಬೇಕು, ಯಾವ ಉಷ್ಣಾಂಶದಲ್ಲಿ, ಹೊರುವವರು ಯಾರು, ಎಲ್ಲದಕ್ಕೂ ಗುರುತು ಹಾಕಿ. ಅರ್ಥವಾಗದ್ದನ್ನು ಸುಮ್ನೆ ಊಹಿಸಬೇಡಿ. ಕೇಳಲು ಅವಕಾಶ ಕೊಡುತ್ತಾರೆ, ಕೇಳಿ. ಎಷ್ಟು ಸಂಖ್ಯೆಯಲ್ಲಿ ಖರೀದಿಸುವ ಅಂದಾಜಿದೆ ಅಂತಲೂ ವಿಚಾರಿಸಿ, ಯಾಕಂದರೆ ಐವತ್ತು ಡಬ್ಬಿ ಮಾಡುವ ಲೆಕ್ಕವೇ ಬೇರೆ, ಐದು ಸಾವಿರ ಡಬ್ಬಿಯ ಲೆಕ್ಕವೇ ಬೇರೆ.

ಸ್ನೇಹಿತರು ಅರ್ಜಿಯ ಮೊದಲ ಪ್ಯಾರಾ ಬರೆದು ಕಳಿಸಿದ್ದರು. ಅದು ಹೀಗಿತ್ತು: "ನಮ್ಮ ಸಂಸ್ಥೆಯು ಕಳೆದ 20 ವರ್ಷಗಳಿಂದ ಉತ್ಕೃಷ್ಟ ಗುಣಮಟ್ಟದ ಬಿಡಿಭಾಗಗಳನ್ನು ಸಕಾಲದಲ್ಲಿ ಪೂರೈಸುತ್ತಾ ಬಂದಿದ್ದು..." ಕಂಪನಿ ಕರಪತ್ರಕ್ಕೆ ಇದು ಸರಿ. ಅರ್ಜಿ ಓದುವವರಿಗೆ ಇದರಿಂದ ಏನೂ ಸಿಗುವುದಿಲ್ಲ. ಇಬ್ಬರೂ ಕೂತು ತಿದ್ದಿದ ಮೇಲೆ ಅದು ಹೀಗಾಯಿತು: "ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ರೇಡಿಯೊ ಬ್ಯಾಟರಿಯನ್ನು ಆರು ಗಂಟೆ ಇಟ್ಟು ನೋಡಿದೆವು, ಒಮ್ಮೆ ಡಬ್ಬಿಯಿಲ್ಲದೆ, ಒಮ್ಮೆ ನಮ್ಮ ಡಬ್ಬಿಯೊಳಗೆ. ಎರಡರ ಅಳತೆಯೂ ಮುಂದಿನ ಪುಟದಲ್ಲಿದೆ. ಮೈನಸ್ 40ರಲ್ಲಿ ಪರೀಕ್ಷೆ ಇನ್ನೂ ಆಗಿಲ್ಲ, ಈ ಅನುದಾನದಲ್ಲಿ ಮೊದಲು ಮಾಡುವುದು ಅದನ್ನೇ." ಮಾಡಿದ್ದು ಯಾವುದು, ಮಾಡದೇ ಇರುವುದು ಯಾವುದು, ಎರಡನ್ನೂ ಬಿಚ್ಚಿ ಹೇಳಿದ್ದೇವೆ. ಓದುವವರು ತಾಂತ್ರಿಕ ಜನ, ಮುಚ್ಚಿಟ್ಟದ್ದು ಅವರಿಗೆ ಬೇಗ ಗೊತ್ತಾಗುತ್ತೆ.

ಟಿಆರ್‌ಎಲ್ ಎಂಬ ಮಾತು ಅರ್ಜಿಯಲ್ಲಿ ಬರುತ್ತದೆ. ತಂತ್ರಜ್ಞಾನ ಎಷ್ಟು ಮಾಗಿದೆ ಅನ್ನುವುದಕ್ಕೆ 1ರಿಂದ 9ರವರೆಗಿನ ಅಳತೆ. 1 ಅಂದರೆ ಬರೀ ಯೋಚನೆ, 9 ಅಂದರೆ ನಿಜವಾದ ಜಾಗದಲ್ಲಿ ಬಳಸಿ ಸೈ ಅನ್ನಿಸಿಕೊಂಡದ್ದು. ಫ್ರೀಜರ್ ಪರೀಕ್ಷೆ ಮುಗಿಸಿದ ಡಬ್ಬಿ 4ರ ಹತ್ತಿರ ಇದೆ. ಅದನ್ನು 7 ಅಂತ ಬರೆದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಬಿಡಿಭಾಗ ಎಲ್ಲಿಂದ ಬರುತ್ತೆ ಅನ್ನುವುದನ್ನೂ ಪಟ್ಟಿ ಮಾಡಿ. ಚೀನಾದ ಬಿಡಿಭಾಗಗಳ ಕಾರಣಕ್ಕೆ 2025ರ ಆರಂಭದಲ್ಲಿ ಸೇನೆ 400 ಡ್ರೋನ್‌ಗಳ ಖರೀದಿಯನ್ನೇ ರದ್ದು ಮಾಡಿತು. ಎಸ್‌.ಪಿ. ರಸ್ತೆಯಲ್ಲಿ ಸಿಕ್ಕಿತು ಅಂತ ತಂದ ಎಲೆಕ್ಟ್ರಾನಿಕ್ ಚಿಪ್‌ನ ಮೂಲ ನಿಮಗೇ ಗೊತ್ತಿಲ್ಲದಿದ್ದರೆ ಈಗಲೇ ಬದಲಿ ಹುಡುಕಿ.

ದುಡ್ಡಿನ ಲೆಕ್ಕ, ದಯವಿಟ್ಟು ನಿಧಾನವಾಗಿ ಓದಿ

ಐಡೆಕ್ಸ್ ಅನುದಾನ ಅಂದರೆ ಪೂರ್ತಿ ಖರ್ಚು ಅವರದ್ದಲ್ಲ. ಉತ್ಪನ್ನ ತಯಾರಿಯ ಒಟ್ಟು ಬಜೆಟ್‌ನಲ್ಲಿ ಅವರ ಪಾಲು ಅರ್ಧದವರೆಗೆ, ಉಳಿದದ್ದು ನಿಮ್ಮದು. ಅದೂ ಒಂದೇ ಸಲ ಬರುವುದಿಲ್ಲ. ಕೆಲಸವನ್ನು ಹಂತಗಳಾಗಿ ಒಡೆದು, ಒಂದೊಂದು ಹಂತ ಮುಗಿದು ಪರಿಶೀಲನೆ ಆದಮೇಲೆ ಒಂದೊಂದು ಕಂತು.

ಡಬ್ಬಿಗೆ ನಾವು ಹಾಕಿದ ಲೆಕ್ಕ ತೋರಿಸುತ್ತೇನೆ. ಒಟ್ಟು ₹1.20 ಕೋಟಿ, 18 ತಿಂಗಳು. ಅನುದಾನ ₹60 ಲಕ್ಷ, ಸ್ವಂತದ್ದು ₹60 ಲಕ್ಷ. ನಾಲ್ಕು ಜನ ಎಂಜಿನಿಯರ್, ತಲೆಗೆ ತಿಂಗಳಿಗೆ ₹60 ಸಾವಿರ, ಅಂದರೆ ತಿಂಗಳಿಗೆ ₹2.40 ಲಕ್ಷ, 18 ತಿಂಗಳಿಗೆ ₹43.20 ಲಕ್ಷ. ಈಗ ಯಾವುದೋ ಒಂದು ಹಂತದ ಪರಿಶೀಲನೆ ಮೂರು ತಿಂಗಳು ಮುಂದಕ್ಕೆ ಹೋಯಿತು ಅಂದುಕೊಳ್ಳಿ. ಸಂಬಳ ನಿಲ್ಲಿಸಲಾಗುತ್ತದೆಯೇ? ₹7.20 ಲಕ್ಷ ಕೈಯಿಂದ ಹಾಕಬೇಕು, ಅದು ಯಾವ ಬಜೆಟ್‌ನಲ್ಲೂ ಇಲ್ಲ.

ನಾನು ಅರ್ಜಿಗೆ ನೆರವಾದ ಮೊದಲ ಕಂಪನಿಯಲ್ಲಿ ಆಗಿದ್ದು ಇದೇ. ಗೆದ್ದರು, ಸಿಹಿ ಹಂಚಿದರು, ಎರಡನೇ ಕಂತು ತಡವಾಯಿತು. ಹಬ್ಬದ ತಿಂಗಳ ಸಂಬಳಕ್ಕೆ ಆ ಯಜಮಾನರು ಮನೆಯವರ ಬಳೆ ಅಡ ಇಟ್ಟರು. ಲೆಕ್ಕ ಹಾಕಿಕೊಟ್ಟವನು ನಾನು, ತಡದ ತಿಂಗಳುಗಳನ್ನು ಅದರಲ್ಲಿ ಸೇರಿಸಿರಲಿಲ್ಲ. ಅವತ್ತಿನಿಂದ ಯಾರು ಬಂದರೂ ಮೊದಲು ಕೇಳುವುದು ಒಂದೇ: ಒಂದು ರೂಪಾಯಿ ಬರದಿದ್ದರೂ ನಾಲ್ಕು ತಿಂಗಳು ಸಂಬಳ ಕೊಡುವ ಶಕ್ತಿ ಇದೆಯಾ? ಇಲ್ಲದಿದ್ದರೆ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಮಿತಿ ಏರಿಸಿಕೊಂಡು ಆಮೇಲೆ ಅರ್ಜಿ ಹಾಕಿ. ಜಾಬ್ ವರ್ಕ್ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಮನೆ ನಡೆಸುವುದು ಅದೇ.

ಬಜೆಟ್‌ನಲ್ಲಿ ಜನ ಮರೆಯುವ ಇನ್ನೊಂದು ಸಾಲು ಪರೀಕ್ಷೆಯ ಖರ್ಚು. ಸೇನೆಯ ಎಲೆಕ್ಟ್ರಾನಿಕ್ ಸಾಮಾನಿಗೆ ಜೆಎಸ್‌ಎಸ್ 55555 ಎಂಬ ಮಾನದಂಡ ಇದೆ. ಬಿಸಿ, ಚಳಿ, ಅಲುಗಾಟ, ಬೀಳಿಸುವುದು, ಧೂಳು, ಮಳೆ, ಉಪ್ಪು ಗಾಳಿ, ಎಲ್ಲದಕ್ಕೂ ಒಡ್ಡುತ್ತಾರೆ. ರೇಡಿಯೊ ಪಕ್ಕ ಕೂರುವ ವಸ್ತುವಾದರೆ ಅದು ಸಿಗ್ನಲ್ ಕೆಡಿಸುತ್ತದೆಯೇ ಎಂಬ ಇಎಂಐ ಪರೀಕ್ಷೆ ಬೇರೆ. ಲ್ಯಾಬ್‌ಗಳು ಗಂಟೆ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತವೆ, ಫೇಲ್ ಆದರೆ ಮತ್ತೆ ಕೊಡಬೇಕು. ಅರ್ಜಿ ಹಾಕುವ ಮೊದಲೇ ಎರಡು ಲ್ಯಾಬ್‌ಗಳಿಂದ ಕೊಟೇಶನ್ ತರಿಸಿ. ಪ್ರತಿ ಪರೀಕ್ಷೆಯೂ ಎರಡು ಸಲ ಆಗುತ್ತದೆ ಅಂತಲೇ ಬಜೆಟ್ ಹಾಕಿ.

ಸಲ್ಲಿಸಿದ ಮೇಲೆ

ಅರ್ಜಿ ಪೋರ್ಟಲ್‌ನಲ್ಲೇ ಹೋಗುತ್ತದೆ. ಮೊದಲು ಜರಡಿ ಹಿಡಿಯುತ್ತಾರೆ, ಉಳಿದವರನ್ನು ಉನ್ನತ ಆಯ್ಕೆ ಸಮಿತಿಯ ಮುಂದೆ ಕರೆಯುತ್ತಾರೆ. ಅಲ್ಲಿ ಮಾತಾಡಬೇಕಾದವರು ವಸ್ತು ಮಾಡಿದವರು. ಇಂಗ್ಲಿಷ್ ಚೆನ್ನಾಗಿದೆ ಅಂತ ಮಾರ್ಕೆಟಿಂಗ್ ಹುಡುಗನನ್ನು ಕಳಿಸಬೇಡಿ. ಸೀಲ್ ಯಾಕೆ ಸಿಲಿಕೋನ್ ಹಾಕಿದಿರಿ ಅಂತ ಕೇಳಿದರೆ ಉತ್ತರ ನಿಮ್ಮ ಬಾಯಿಂದಲೇ ಬರಬೇಕು.

ಗೆದ್ದರೆ ಹಂತಗಳ ಮಾತುಕತೆ, ಆಮೇಲೆ ಒಪ್ಪಂದ. ಹಂತಗಳನ್ನು ಅಳೆಯಲು ಬರುವಂತೆ ಬರೆಸಿ. "ವಿನ್ಯಾಸ ಸುಧಾರಣೆ" ಅಂತ ಬರೆದರೆ ಮುಗಿಯಿತೋ ಇಲ್ಲವೋ ಅಂತ ವಾದ ಶುರು. "ಮೈನಸ್ 40ರಲ್ಲಿ ಆರು ಗಂಟೆ, ಮೂರು ಡಬ್ಬಿ, ಲ್ಯಾಬ್ ವರದಿ ಸಮೇತ" ಅಂತ ಬರೆದರೆ ವರದಿ ಕೊಟ್ಟ ದಿನ ಹಂತ ಮುಗಿಯಿತು. ಹಕ್ಕಿನ ಷರತ್ತು, ಬೇರೆಯವರಿಗೆ ಮಾರುವ ಷರತ್ತು, ಗುಟ್ಟು ಕಾಯುವ ಷರತ್ತು, ಈ ಮೂರನ್ನು ವಕೀಲರಿಗೆ ತೋರಿಸಿ. ನಿಮ್ಮ ಜೊತೆ ಒಂದು ಪಾರ್ಟ್ನರ್ ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳಿಗೆ ನೆರವಾಗುವ ಸಂಸ್ಥೆ ಇರುತ್ತದೆ. ಹೈದರಾಬಾದಿನ ಟಿ-ಹಬ್, ಕೊಯಮತ್ತೂರಿನ ಫೋರ್ಜ್ ತರಹದವು. ಕೆಲಸ ಎಲ್ಲಿಗೆ ಬಂತು ಅಂತ ನೋಡುವವರು ಅವರೇ, ತೊಂದರೆಯಾದರೆ ಮೊದಲು ಹೇಳಬೇಕಾದ್ದೂ ಅವರಿಗೇ.

ಇದೆಲ್ಲ ಆಗುವ ಮಾತೇ ಅಂತ ಕೇಳುವವರಿಗೆ ನಮ್ಮೂರಿನದೇ ಉದಾಹರಣೆ ಇದೆ. ಬೆಂಗಳೂರಿನ ಕ್ಯೂನ್ಯೂ ಲ್ಯಾಬ್ಸ್ ಐಡೆಕ್ಸ್ ಮೂಲಕ ಕ್ವಾಂಟಂ ಕೀ ಹಂಚಿಕೆಯ, ಅಂದರೆ ಗುಪ್ತ ಸಂದೇಶದ ಕೀಲಿಯನ್ನು ಸುರಕ್ಷಿತವಾಗಿ ಕಳಿಸುವ ಸಾಧನ ಮಾಡಿತು. 150 ಕಿ.ಮೀ.ಗೂ ದೂರಕ್ಕೆ ಅದು ಕೆಲಸ ಮಾಡಿದ ಮೇಲೆ 2022ರಲ್ಲಿ ಭೂಸೇನೆ ಖರೀದಿಯ ಹೆಜ್ಜೆ ಇಟ್ಟಿತು. 2024ರ ಜೂನ್‌ನಲ್ಲಿ ಐಡೆಕ್ಸ್‌ನ 350ನೇ ಒಪ್ಪಂದಕ್ಕೆ ಸಹಿ ಹಾಕಿದ್ದೂ ಬೆಂಗಳೂರಿನ ಸ್ಪೇಸ್‌ಪಿಕ್ಸೆಲ್, 150 ಕೆ.ಜಿ.ವರೆಗಿನ ಪುಟ್ಟ ಉಪಗ್ರಹಕ್ಕಾಗಿ.

ಮಾದರಿ ತಯಾರಾದ ಮೇಲೆ ಟ್ರಯಲ್. ಸೈನಿಕರು ತಮ್ಮ ಜಾಗದಲ್ಲಿ, ತಮ್ಮ ಕೈಯಲ್ಲಿ ಬಳಸಿ ನೋಡುತ್ತಾರೆ. ಅದು ಪಾಸಾದರೆ ಖರೀದಿಯ ದಾರಿ ಬೇರೆಯೇ ಶುರುವಾಗುತ್ತೆ, ಅದಕ್ಕೂ ತಿಂಗಳುಗಳು ಹಿಡಿಯುತ್ತವೆ. ಟ್ರಯಲ್‌ಗೆ ಒಂದೇ ಡಬ್ಬಿ ಹಿಡಿದು ಹೋಗಬೇಡಿ. ಮೂರು ಒಯ್ಯಿರಿ, ಹೆಚ್ಚುವರಿ ಸೀಲ್, ಸ್ಕ್ರೂ, ಬೇಕಾದ ಅಲೆನ್ ಕೀ ಒಂದು ಚೀಲದಲ್ಲಿರಲಿ. ಶೆಡ್ಡಿನಲ್ಲಿ ಅದನ್ನು ಜೋಡಿಸಿದ ಹುಡುಗನನ್ನೂ ಕರೆದುಕೊಂಡು ಹೋಗಿ. ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ ಮುಚ್ಚಳ ತೆಗೆಯಲು ಸೈನಿಕ ಒದ್ದಾಡುವುದನ್ನು ಅವನೇ ಕಣ್ಣಾರೆ ನೋಡಲಿ, ಮುಂದಿನ ಡಬ್ಬಿಯ ಹಿಡಿಕೆಯನ್ನು ಅವನೇ ತಿದ್ದುತ್ತಾನೆ.