ಮೊಟ್ಟೆಗೆ ಬರುವ ಕೋಳಿಗೆ ಯಾವ ಮೇವು, ಯಾವಾಗ?

ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದರಿಂದ ಕೋಳಿಗೆ ಅದೊಂದೇ ಸಾಕು ಎಂಬ ಮಾತು ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಈಗಲೂ ಕೇಳಿಬರುತ್ತದೆ. ನಮಗೆ ರಾಗಿ ಒಳ್ಳೆಯ ಆಹಾರವೇ ಸರಿ. ಆದರೆ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಒಂದು ಮೊಟ್ಟೆಯ ಚಿಪ್ಪಿಗೆ ಬೇಕಾಗುವುದು ಸುಮಾರು 2 ಗ್ರಾಂ. ಮೊಟ್ಟೆಯಿಡುವ ಕೋಳಿ ದಿನಕ್ಕೆ ತಿನ್ನುವುದೇ 100ರಿಂದ 110 ಗ್ರಾಂ. ಉಳಿದ ಕೊರತೆಯನ್ನು ಅದು ತನ್ನ ಮೂಳೆಯಿಂದಲೇ ತುಂಬಿಕೊಳ್ಳಬೇಕಾಗುತ್ತದೆ.

ಹಾಗೆಂದು ಎಳೆಯ ಕೋಳಿಗೆ ಮೊದಲೇ ಲೇಯರ್ ಮೇವು, ಅಂದರೆ ಮೊಟ್ಟೆಯಿಡುವ ಕೋಳಿಗೆಂದೇ ಇರುವ ಹೆಚ್ಚು ಕ್ಯಾಲ್ಸಿಯಂನ ಮೇವು ಹಾಕುವುದು ಇನ್ನೂ ದೊಡ್ಡ ತಪ್ಪು. ಹೆಚ್ಚುವರಿ ಕ್ಯಾಲ್ಸಿಯಂ ಅದರ ಮೂತ್ರಪಿಂಡವನ್ನು ಕೆಡಿಸುತ್ತದೆ. ಆದ್ದರಿಂದ ಬೆಳೆಯುವ ಹಂತದಲ್ಲಿ ಶೇ 16ರಷ್ಟು ಪ್ರೋಟೀನ್, ಶೇ 1ರಷ್ಟು ಕ್ಯಾಲ್ಸಿಯಂ ಇರುವ ಗ್ರೋವರ್ ಮೇವನ್ನೇ ಮುಂದುವರಿಸಿ.

ಗ್ರೋವರ್‌ನಿಂದ ಲೇಯರ್ ಮೇವಿಗೆ ಬದಲಾಯಿಸಲು ವಾರದ ಲೆಕ್ಕವೊಂದನ್ನೇ ನಂಬಬೇಡಿ. ಹೈಬ್ರಿಡ್ ಲೇಯರ್ ಕೋಳಿ 18ರಿಂದ 20 ವಾರಕ್ಕೆ ಮೊಟ್ಟೆಯಿಡತೊಡಗಿದರೆ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರಾ ತಳಿಗಳಿಗೆ ಐದೂವರೆ ತಿಂಗಳಾಗಬಹುದು. ನಾಟಿ ಕೋಳಿಗೆ ಅದಕ್ಕಿಂತಲೂ ತಡ. ಕೋಳಿಯನ್ನೇ ನೋಡಿ: ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಬೆನ್ನಿನ ಮೇಲೆ ಕೈಯಿಟ್ಟರೆ ಕುಕ್ಕರಿಸಿ ಕೂರುತ್ತದೆ, ಗುದದ್ವಾರದ ಎರಡೂ ಬದಿಯ ಮೂಳೆಗಳ ನಡುವೆ ಬೆರಳು ಆಡುವಷ್ಟು ಜಾಗವಾಗುತ್ತದೆ.

ಜುಟ್ಟು ಕೆಂಪೇರಲು ಶುರುವಾದ ಕೂಡಲೇ ಗ್ರೋವರ್ ಮತ್ತು ಲೇಯರ್ ಮೇವನ್ನು ಸಮ ಪ್ರಮಾಣದಲ್ಲಿ ಬೆರೆಸಿ ಹಾಕಿ. ಆಗ ಕ್ಯಾಲ್ಸಿಯಂ ಶೇ 2ಕ್ಕಿಂತ ತುಸು ಹೆಚ್ಚಾಗುತ್ತದೆ. ಮೊಟ್ಟೆಗೆ ಮುಂಚೆ ಹಾಕಲೆಂದು ಅಂಗಡಿಯಲ್ಲಿ ಸಿಗುವ ಪ್ರಿ-ಲೇಯರ್ ಮೇವಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಮೊಟ್ಟೆಗೆ ಎರಡು ವಾರ ಮುಂಚಿನಿಂದ ಕೋಳಿ ತನ್ನ ಮೂಳೆಯೊಳಗೆ ಕ್ಯಾಲ್ಸಿಯಂ ಕೂಡಿಡುವುದರಿಂದ ಈ ಹಂತವನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊಟ್ಟೆ ಕಂಡ ಮೇಲೆ, ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುವ ಲೇಯರ್ ಮೇವಿಗೆ ಒಂದು ವಾರದಲ್ಲಿ ಪೂರ್ತಿ ಬದಲಾಯಿಸಿ. ಜೊತೆಗೆ ಬೇರೆ ಬಟ್ಟಲಿನಲ್ಲಿ ಕಪ್ಪೆಚಿಪ್ಪಿನ ಚೂರು ಇಡಿ. ಪುಡಿಗಿಂತ ಚೂರೇ ಲೇಸು, ಏಕೆಂದರೆ ಮೊಟ್ಟೆಯ ಚಿಪ್ಪು ಬಹುಪಾಲು ಕಟ್ಟುವುದು ರಾತ್ರಿ, ಚೂರು ಹೊಟ್ಟೆಯಲ್ಲಿ ನಿಂತು ಆ ಹೊತ್ತಿಗೆ ನಿಧಾನವಾಗಿ ಕರಗುತ್ತದೆ. ಹಿಂಡಿನಲ್ಲಿ ಹುಂಜವೂ ಎಳೆಯ ಕೋಳಿಗಳೂ ಇದ್ದರೆ ಎಲ್ಲಕ್ಕೂ ಗ್ರೋವರ್ ಮೇವನ್ನೇ ಹಾಕಿ, ಕಪ್ಪೆಚಿಪ್ಪನ್ನು ಮಾತ್ರ ಪ್ರತ್ಯೇಕವಾಗಿಟ್ಟರೆ ಬೇಕಾದ ಕೋಳಿ ತಾನಾಗಿ ತಿನ್ನುತ್ತದೆ.

ರಾಗಿ, ಮೆಕ್ಕೆಜೋಳವನ್ನು ಸಂಜೆ ಒಂದೊಂದು ಹಿಡಿ ಚೆಲ್ಲಿದರೆ ಸಾಕು. ಹೆಚ್ಚಾದರೆ ಕೋಳಿ ಮೇವು ಬಿಟ್ಟು ಕಾಳಿಗೇ ಕಾಯುತ್ತದೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಹುಳು ಒಳ್ಳೆಯ ಪ್ರೋಟೀನ್, ಆದರೆ ಚೆನ್ನಾಗಿ ಒಣಗಿಸಿದ್ದನ್ನು ಮಾತ್ರ, ಅದೂ ಸ್ವಲ್ಪವೇ ಕೊಡಿ. ಕಡಲೆಕಾಯಿ ಹಿಂಡಿಗೆ ಬೂಷ್ಟು ಬಂದಿದ್ದರೆ ಬಿಸಿಲಿಗೆ ಹಾಕಿದರೂ ಅದರ ವಿಷ ಹೋಗುವುದಿಲ್ಲ. ಅಂಥದ್ದನ್ನು ಕೋಳಿಗೂ ದನಕ್ಕೂ ಹಾಕದೆ ಹೂತುಬಿಡಿ.